ಹತ್ತು ಹೆಜ್ಜೆ ಹಿಂದೆ

ಅವರ ಪಾದ ನೆಲಕ್ಕೆ ತಾಗುವ ರೀತಿಯೇ ಬೇರೆ. ಮೊದಲು ಬಲಗಾಲಿನ ಹೆಬ್ಬೆರಳು, ಸ್ವಲ್ಪ ತಡೆದು ಉಳಿದ ಬೆರಳುಗಳು, ಕೊನೆಗೆ ಹಿಮ್ಮಡಿ. ಆ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಪ್ಪಲಿಯ ತುದಿ ದಾಟಿ ಹೊರಗೆ ಚಾಚಿಕೊಂಡಿರುತ್ತಿತ್ತು. ಶಾಲೆಯ ಸಿಮೆಂಟು ನೆಲದ ಮೇಲೂ, ಚೆಂಬೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೂ ಅವರು ಹಾಗೆಯೇ ನಡೆಯುತ್ತಿದ್ದರು. ಮಕ್ಕಳು ಬೆನ್ನ ಹಿಂದೆ ಅಣಕಿಸುವುದಿತ್ತು. ಒಮ್ಮೆ ತಿರುಗಿ ನೋಡಿಬಿಟ್ಟರು. ಬೈಯಲಿಲ್ಲ. "ಹಂಗಲ್ಲೋ, ಬೆರಳು ಮದಲ ಊರಬೇಕು. ನೆಲಾ ಕೇಳಿ ಕಾಲ ಇಡಬೇಕು," ಎಂದು ತಿದ್ದಿದರು.

ಐವತ್ತರ ದಶಕದ ಮಾತು. ಚೆಂಬೂರಿನ ಕನ್ನಡ ಶಾಲೆಯೊಂದರಲ್ಲಿ ಅವರು ನಿಸರ್ಗ ಪಾಠದ ಮಾಸ್ತರರು; ನಾನು ಉಡುಪಿಯಿಂದ ಬಂದು ಸೇರಿದ ಹೊಸ ಗಣಿತದ ಮಾಸ್ತರ. ಅವರು ವಿಜಾಪುರದ ಕಡೆಯವರು, ಕೃಷ್ಣೆಯ ದಂಡೆಯಲ್ಲಿ ಬೆಳೆದವರು. ಹೊಳೆ ಇಳಿದ ಮೇಲೆ ಉಳಿಯುವ ಕೆಸರು ಒಂದು ಎಮ್ಮೆಯನ್ನು ಹೇಗೆ ಸದ್ದಿಲ್ಲದೆ ಒಳಗೆ ಎಳೆದುಕೊಂಡಿತು ಎಂಬುದನ್ನು ನನಗೆ ಎರಡು ಬಾರಿ ಹೇಳಿದ್ದರು. ಎರಡು ಬಾರಿಯೂ ಎಮ್ಮೆಯ ಕಣ್ಣಿನ ವಿಷಯಕ್ಕೆ ಬಂದಾಗ ಮಾತು ನಿಲ್ಲಿಸಿದ್ದರು.

ಮಕ್ಕಳನ್ನು ಹೊರಗೆ ಕರೆದೊಯ್ಯುವ ಮೊದಲು ಅವರದೊಂದು ಪದ್ಧತಿಯಿತ್ತು. ಹಿಂದಿನ ಭಾನುವಾರ ಆ ದಾರಿಯನ್ನು ಪೂರ್ತಿ ನಡೆದು ನೋಡಬೇಕು. ನಡೆಯುವವರು ಇಬ್ಬರು. ಅವರು ಮುಂದೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ನಾನು ಹತ್ತು ಹೆಜ್ಜೆ ಹಿಂದೆ, ಹಗ್ಗದ ಇನ್ನೊಂದು ತುದಿ ಹಿಡಿದು. ಹಳೆಯ ಧೋತರ ಹರಿದು ಮಾಡಿದ ಬಿಳಿಯ ಪಟ್ಟಿಗಳು ಅವರ ಜೇಬಿನಲ್ಲಿ. ಮಕ್ಕಳು ನಿಲ್ಲಬಹುದಾದ ಜಾಗದ ಗಿಡಕ್ಕೆ ಒಂದು ಪಟ್ಟಿ. ದಾಟಬಾರದ ಜಾಗಕ್ಕೆ ಎರಡು, ಒಂದರ ಮೇಲೊಂದು ಅಡ್ಡವಾಗಿ. ಅಂಥ ನಡಿಗೆಗೆ ನಾನು ನಾಲ್ಕು ಬಾರಿ ಹೋಗಿದ್ದೆ. ನಾಲ್ಕು ಬಾರಿಯೂ ಏನೂ ಆಗಲಿಲ್ಲ. ಏನೂ ಆಗದ್ದರಿಂದಲೇ ಅದು ನನಗೆ ಅತಿಯೆನಿಸಿತು.

ಆ ವರ್ಷ ಪವಾಯಿಯ ಕೆರೆಯ ಬದಿಯಲ್ಲಿ ಮಕ್ಕಳಿಗಾಗಿ ಒಂದು ನಿಸರ್ಗ ಶಿಕ್ಷಣ ಕೇಂದ್ರ ತೆರೆದಿದ್ದರು. ಒಂದು ತಗಡಿನ ಮನೆ, ಹಕ್ಕಿಗಳ ಚಿತ್ರಪಟಗಳು, ಒಬ್ಬ ಕಾವಲುಗಾರ, ಅಷ್ಟೆ. ಏಳನೆಯ ತರಗತಿಯ ಮೂವತ್ತಾರು ಮಕ್ಕಳು ಬುಧವಾರ ಬರಬಹುದೆಂದು ಕಾಗದ ಬಂತು. ಜೊತೆಗೆ ಕೈಯಲ್ಲಿ ಬರೆದ ನಕಾಶೆ. ಕೆರೆಯಂಚಿಗೆ ಹಸಿರು ಬಣ್ಣ ಬಳಿದು 'ಮೈದಾನ, ಊಟಕ್ಕೆ' ಎಂದು ಬರೆದಿತ್ತು.

ಮಾಸ್ತರರು ಆ ಹಸಿರಿನ ಮೇಲೆ ಬೆರಳಿಟ್ಟು ಹೆಡ್‌ಮಾಸ್ತರರಿಗೆ ತೋರಿಸಿದರು. "ಸರ್, ಈ ನಕಾಶಿ ಬ್ಯಾಸಿಗ್ಯಾಗ ಬರದದ್ದು. ಈಗ ಕೆರಿ ತುಂಬೈತಿ. ಮಳಿ ನಿಂತು ಇನ್ನಾ ವಾರ ಆಗಿಲ್ಲ. ಮೈದಾನ ಎಲ್ಲಿಂದ ಬರತೈತಿ?"

ಮಂಗಳೂರಿನವರಾದ ಹೆಡ್‌ಮಾಸ್ತರರು ನಕ್ಕರು. "ನೀವು ಕೆರೆ ನೋಡ್ಲಿಕ್ಕೆ ಹೋಗುವುದಾ, ಹೆಣ್ಣು ನೋಡ್ಲಿಕ್ಕೆ ಹೋಗುವುದಾ ಮಾರಾಯ್ರೇ? ಎಷ್ಟು ವಿಚಾರಣೆ! ಹುಲ್ಲಿನ ಮೇಲೂ ಸಂಶಯವಾ?"

"ಹುಲ್ಲಿನ ಮ್ಯಾಲ ಅಲ್ರಿ. ಅದರ ಕೆಳಗ ಏನೈತಿ ಅನ್ನೂದರ ಮ್ಯಾಲ."

ನಾನೂ ನಕ್ಕೆ. ಅದನ್ನು ಇಲ್ಲಿ ಬರೆಯಲೇಬೇಕು.

ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಕಪಾಟಿನಿಂದ ಹಗ್ಗ ತೆಗೆದರು. ನಾನು ಹೇಳಿದೆ: "ನಾಳೆ ನನಗೆ ಬರ್ಲಿಕ್ಕಾಗುವುದಿಲ್ಲ. ಊರಿಂದ ಮಾವ ಬರ್ತಾರೆ."

ಅವರು ನನ್ನ ಮುಖ ನೋಡಿದರು. ಆಮೇಲೆ ಹಗ್ಗವನ್ನು ಸುತ್ತಿ, ಮತ್ತೆ ಅದೇ ಮೊಳೆಗೆ ತೂಗುಹಾಕಿದರು.

"ತಗೊಂಡು ಹೋಗಿ," ಎಂದೆ.

"ಒಬ್ಬಂವಗ ಹಗ್ಗ ಯಾತಕ್ರೀ? ಹಿಡ್ಯಾವ್ರು ಬೇಕಲ್ಲ. ಇರಲಿ, ನೀವು ಮಾವನ್ನ ನೋಡ್ಕೋರಿ."

ಮಾವ ಬಂದದ್ದು ನಿಜ. ಆದರೆ ಬಂದದ್ದು ಸಂಜೆ ಐದು ಗಂಟೆಗೆ.

ಸೋಮವಾರ ಮೊದಲ ಗಂಟೆ ಬಾರಿಸಿದಾಗ ಅವರ ಕುರ್ಚಿ ಖಾಲಿಯಿತ್ತು. ಅವರು ಎಂದೂ ತಡವಾಗಿ ಬಂದವರಲ್ಲ. ಎರಡನೆಯ ಗಂಟೆಗೆ ಹೆಡ್‌ಮಾಸ್ತರರು ಟೋಪಿ ತೆಗೆದುಕೊಂಡರು. ನಾವಿಬ್ಬರೂ ಕುರ್ಲಾದವರೆಗೆ ಲೋಕಲ್‌ನಲ್ಲಿ, ಅಲ್ಲಿಂದ ಬಸ್ಸಿನಲ್ಲಿ, ಕೊನೆಗೆ ನಡೆದು ಹೋದೆವು.

ತಗಡಿನ ಮನೆಯ ಬಾಗಿಲು ಮುಚ್ಚಿತ್ತು. ಅದರ ಮುಂದಿನಿಂದಲೇ ಬಿಳಿಯ ಪಟ್ಟಿಗಳು ಶುರುವಾಗಿದ್ದವು. ಅತ್ತಿಮರಕ್ಕೊಂದು, ಕಲ್ಲುಬಂಡೆಯ ಪಕ್ಕದ ಪೊದೆಗೊಂದು. ಗಂಟುಗಳು ಬಿಗಿಯಾಗಿ, ಒಂದೇ ಅಳತೆಯಲ್ಲಿದ್ದವು. ಮುಂದೆ ಕೆರೆಯತ್ತ ಇಳಿಯುವ ದಾರಿ ಎರಡಾಗಿ ಒಡೆಯುತ್ತದೆ. ಎಡದಾರಿಯ ಬಾಯಲ್ಲಿ ಎರಡು ಪಟ್ಟಿ ಅಡ್ಡವಾಗಿ ಕಟ್ಟಿತ್ತು. ಅದರಾಚೆ ಮೈದಾನ. ನಕಾಶೆಯಲ್ಲಿದ್ದ ಹಾಗೆಯೇ ಹಸಿರು, ಸಮತಟ್ಟು, ಊಟಕ್ಕೆ ಕೂರಲು ಯಾರಿಗಾದರೂ ಮನಸ್ಸಾಗಬೇಕು. ನಾನು ಒಂದು ಕಲ್ಲು ಎಸೆದೆ. ಹಸಿರು ಬಾಯಿ ತೆರೆದು ಮುಚ್ಚಿಕೊಂಡಿತು. ಸದ್ದಾಗಲಿಲ್ಲ.

ಬಲದಾರಿಗೆ ಪಟ್ಟಿ ಕಟ್ಟಿರಲಿಲ್ಲ. ಅದೂ ಅದೇ ಹಸಿರಿಗೇ ಇಳಿಯುತ್ತದೆ. ಅದನ್ನೂ ಮುಚ್ಚಲೆಂದು ಅವರು ಅಂಚಿನಲ್ಲೇ ಅಡ್ಡ ಹಾಯ್ದಿರಬೇಕು. ಇದು ನನ್ನ ಊಹೆ, ನೋಡಿದವರಿಲ್ಲ.

ಕೆರೆಯಂಚಿನಲ್ಲಿ ನಮಗೆ ಸಿಕ್ಕ ಕಾವಲುಗಾರ ಭಾನುವಾರ ನೋಡಿದ್ದು ಮಾಸ್ತರರ ಛತ್ರಿಯನ್ನು ಮಾತ್ರ. ಹಸಿರಿನ ಮೇಲೆ ಅದು ಬಿಚ್ಚಿಕೊಂಡೇ ಇತ್ತಂತೆ. "ಮೈ ಸಮ್ಝಾ, ಮಾಸ್ತರ್ ಬೈಠೇ ಹೈ," ಎಂದು ಅವನು ನಮ್ಮಿಬ್ಬರಿಗೂ ಮತ್ತೆ ಮತ್ತೆ ಹೇಳಿದ. ಮಾಸ್ತರರು ನೆರಳಿಗೆ ಕೂತಿದ್ದಾರೆಂದುಕೊಂಡು ಒಂದು ತಾಸು ಸುಮ್ಮನಿದ್ದನಂತೆ. ಆಮೇಲೆ ಕೂಗಿದ್ದಾನೆ. ಮೀನು ಹಿಡಿಯುವವರು ಬಿದಿರು ತಂದಿದ್ದಾರೆ. ಅವರ ದೇಹವನ್ನು ಹೊರಗೆ ತೆಗೆದಾಗ ಸಂಜೆಯಾಗಿತ್ತು. ಜೇಬಿನಲ್ಲಿದ್ದ ಶಾಲೆಯ ಕಾಗದದ ಶಾಯಿ ತೊಳೆದುಹೋಗಿದ್ದರಿಂದ ಯಾರಿಗೆ ತಿಳಿಸಬೇಕೆಂದು ಗೊತ್ತಾಗಲಿಲ್ಲ.

ಅವರನ್ನು ತಗಡಿನ ಮನೆಯೊಳಗೆ ಚಾಪೆಯ ಮೇಲೆ ಮಲಗಿಸಿದ್ದರು. ಬಲಗೈ ಮುಷ್ಟಿ ಬಿಗಿದಿತ್ತು. ಬೆರಳ ಸಂದಿಯಿಂದ ಎರಡು ಪಟ್ಟಿಗಳ ತುದಿ ಕಾಣುತ್ತಿತ್ತು. ಹೆಡ್‌ಮಾಸ್ತರರು ಟೋಪಿ ತೆಗೆದು ಬಾಗಿಲಲ್ಲೇ ನಿಂತರು. ನಾನು ಆ ಪಟ್ಟಿಗಳನ್ನು ಬಿಡಿಸಿಕೊಂಡು ಹೋಗಿ ಬಲದಾರಿಗೆ ಕಟ್ಟಿ ಬಂದೆ. ನನ್ನ ಗಂಟು ಅವರದರಷ್ಟು ಬಿಗಿಯಾಗಲಿಲ್ಲ.

ಬುಧವಾರ ಮೂವತ್ತಾರು ಮಕ್ಕಳೂ ತರಗತಿಯಲ್ಲಿದ್ದರು. ಹಾಜರಿ ಕರೆದವನು ನಾನು. ಪ್ರತಿ ಹೆಸರಿಗೂ ಉತ್ತರ ಬಂತು.

ಮುಂದಿನ ಇಪ್ಪತ್ತೆಂಟು ವರ್ಷ ಮಕ್ಕಳನ್ನು ಎಲ್ಲಿಗೆ ಕರೆದೊಯ್ದರೂ ಹಿಂದಿನ ಭಾನುವಾರ ನಾನು ಹೋಗಿ ನೋಡಿ ಬಂದಿದ್ದೇನೆ, ಇನ್ನೊಬ್ಬರನ್ನು ಕರೆದುಕೊಂಡೇ. ಈಗ ನನ್ನ ಮೊಮ್ಮಗಳು ಕೇಳುತ್ತಾಳೆ, ಅಜ್ಜ ಮನೆಯೊಳಗೂ ಯಾಕೆ ಬೆರಳೂರಿ ನಡೆಯುತ್ತಾನೆ ಎಂದು.

ಆ ಹಗ್ಗ ನನ್ನ ಹತ್ತಿರವೇ ಇದೆ. ಅದಕ್ಕೆ ಎಲ್ಲಿಯೂ ಪವಾಯಿಯ ಕೆಸರು ತಾಗಿಲ್ಲ.