ಆಯಿಯ ಹಗೇವಿಗೆ ನೀರು ಬಂದದ್ದು

ನಿಜಾಮರ ಆಳ್ವಿಕೆ ಮುಗಿದಿದ್ದರೂ ಅದರ ಅಂಜಿಕೆ ಇನ್ನೂ ನಮ್ಮ ಮನೆ ಬಿಟ್ಟು ಹೋಗದಿದ್ದ ದಿನಗಳವು. ಆ ಆಳ್ವಿಕೆ ಮುಗಿಯುವ ಹೊತ್ತಿನ ಗಲಾಟೆಯ ವರ್ಷ ಮನೆಮಂದಿಯೆಲ್ಲ ಕೃಷ್ಣೆ ದಾಟಿ ನೆಂಟರ ಊರು ಸೇರಿದ್ದರಂತೆ. ಸುರಪುರಕ್ಕೆ ತಿರುಗಿ ಬಂದಾಗ ಅಂಗಳದ ಹಗೇವು ಬರಿದಾಗಿತ್ತು. ನೆಲದೊಳಗೆ ತುಂಬಿಟ್ಟಿದ್ದ ಜೋಳವನ್ನು ಯಾರೋ ಬಾಚಿಕೊಂಡು ಹೋಗಿದ್ದರು. ಕೆಳಗಿನ ಓಣಿಯವರೇ ಜಾಗ ತೋರಿಸಿಕೊಟ್ಟರೆಂದು ನಮ್ಮ ಅಜ್ಜಿಗೆ, ಅಂದರೆ ಆಯಿಗೆ, ಗುಮಾನಿ. ಆ ಓಣಿಯ ನೀಲಮ್ಮ ಅವಳ ಎಳವೆಯ ಗೆಳತಿ. ಎದುರಿಗೆ ಬಂದರೂ ಆಯಿ ಸೆರಗು ಎಳೆದುಕೊಂಡು ಮುಂದೆ ಹೋಗಿಬಿಡುತ್ತಿದ್ದಳು.

ಆ ಸಲ ಹಿಂಗಾರಿ ಜೋಳ ಚಲೋ ಬಂತು. ಹಿತ್ತಲಲ್ಲಿ ಯಾರಿಗೂ ತಿಳಿಯದ ಹಾಗೆ ಹೊಸ ಹಗೇವು ಬೇಕೆಂದು ಆಯಿ ಹಟ ಹಿಡಿದಳು. ಕಾಕಾ ತೋಡತೊಡಗಿದ. ತೋಡಿದ ಮಣ್ಣನ್ನು ದನದ ಕೊಟ್ಟಿಗೆಯಲ್ಲಿ ಬಚ್ಚಿಟ್ಟ. ಮಕ್ಕಳಾದ ನಮ್ಮ ಬಾಯಿ ಮುಚ್ಚಿಸಲು ದಿನವೂ ಹುರಿದ ಶೇಂಗಾ, ಬೆಲ್ಲ. ಈಗಲೂ ಹಸಿ ಮಣ್ಣಿನ ವಾಸನೆ ಬಂದರೆ ನನ್ನ ನಾಲಿಗೆಗೆ ಬೆಲ್ಲದ ರುಚಿ ಬರುತ್ತದೆ.

ಒಂದು ಮಧ್ಯಾಹ್ನ ಕಾಕಾನ ಹಾರೆ ಬಿದ್ದು ಗಡಿಗೆ ಒಡೆದಂಥ ಸದ್ದಾಯಿತು.

“ಹೊನ್ನಿನ ಗಡಿಗಿ ಸಿಕ್ತೇನೋ?” ಆಯಿ ಓಡಿ ಬಂದಳು.

ಬಂದದ್ದು ನೀರು! ಗುಡ್ಡದ ಕೆರೆಯಿಂದ ಕೆಳಗಿನ ಓಣಿಯ ತೊಟ್ಟಿಗೆ ನೀರೊಯ್ಯುವ ಸುಟ್ಟ ಮಣ್ಣಿನ ಕೊಳವೆ ನಮ್ಮ ಹಿತ್ತಲಡಿಯೇ ಹಾದುಹೋಗಿತ್ತು. ಯಾವ ಕಾಲದಲ್ಲಿ ಹೂತದ್ದೋ, ನಮಗ್ಯಾರಿಗೂ ಗೊತ್ತಿರಲಿಲ್ಲ. ಕಾಕಾ ಮೇಲೆ ಹತ್ತುವಷ್ಟರಲ್ಲಿ ಸೊಂಟದ ಮಟ ತುಂಬಿತು. ನಾನು ಗುಂಡಿಯ ಅಂಚಿಗೆ ಬೋರಲು ಮಲಗಿ ನೋಡಿದೆ. ಜೋಳಕ್ಕೆಂದು ತೋಡಿದ ಕತ್ತಲೆಯಲ್ಲಿ ಆಕಾಶ ಬಂದು ಕುಳಿತಿತ್ತು. ಒಂದು ಬಿಳಿ ಮೋಡ ನೀರಿಗೆ ಬಿದ್ದಿದ್ದ ಕಾಕಾನ ರುಮಾಲಿನ ಪಕ್ಕವೇ ನಿಧಾನ ತೇಲಿಹೋಯಿತು.

ಸಂಜೆಗೆ ಕೆಳಗಿನ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು, ನೀರೆಲ್ಲಿ ನಿಂತಿತೆಂದು ಹುಡುಕುತ್ತ ನಮ್ಮ ಹಿತ್ತಲಿಗೇ ಬಂದರು. ಎಲ್ಲರ ಮುಂದೆ ನೀಲಮ್ಮ.

“ನಮಗ ಗೊತ್ತಾಗಬಾರ್ದಂತ ಇಲ್ಲಿ ತೋಡಾಕತ್ತಿದ್ದೇನ, ಶಿವಮ್ಮ?”

ತನ್ನ ಹೆಸರು ಕೇಳಿ ಆಯಿ ಸೆರಗು ಎಳೆದುಕೊಂಡಳು; ನೀಲಮ್ಮ ಬಿಡಲಿಲ್ಲ.

“ಆ ವರ್ಷ ನಮ್ಮ ಹಗೇವನೂ ಬರಿದು ಮಾಡ್ಯಾರ. ನನ್ನ ಮಕ್ಕಳೂ ಉಪವಾಸ ಮಲಗ್ಯಾವ. ನೀ ಒಂದು ಮಾತು ಕೇಳಿದ್ರ ಹೇಳ್ತಿದ್ದೆ.”

ಆಯಿಯ ಮುಖ ಇಳಿದುಹೋಯಿತು. “ಕೊಡ ತಾ ಇಲ್ಲಿ,” ಅಂದಳು. ತಾನೇ ಹಗ್ಗ ಬಿಟ್ಟು ನೀರು ಸೇದಿಕೊಟ್ಟಳು.

ಕುಂಬಾರ ಹೊಸ ಕೊಳವೆ ಮಾಡಿ, ಒಣಗಿಸಿ, ಸುಟ್ಟು ತರುವ ತನಕ ಆ ಓಣಿಗೆಲ್ಲ ನಮ್ಮ ಹಗೇವೇ ಬಾವಿ. ಹಿತ್ತಲ ಬಾಗಿಲಿಗೆ ಅಗಳಿಯೇ ಬೀಳಲಿಲ್ಲ. ಕೊಡದ ಜೊತೆ ಪುಂಡಿ ಪಲ್ಯ ಬರುತ್ತಿತ್ತು, ನಮ್ಮ ಬಿಸಿ ರೊಟ್ಟಿ ಹೋಗುತ್ತಿತ್ತು. ಗೆಳತಿಯರಿಬ್ಬರೂ ಗುಂಡಿಯ ದಂಡೆಯಲ್ಲಿ ಕೂತು ಹುಡುಗಿಯರ ಹಾಗೆ ನಗುತ್ತಿದ್ದರು. ಆ ಕೊಳವೆ ಎಂದೂ ಸರಿಯಾಗದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಸರಿಯಾಯಿತು. ಗುಂಡಿ ಮುಚ್ಚಿದರು. ಅವತ್ತು ಸಂಜೆ ಆಯಿ ಹಿತ್ತಲು ಗುಡಿಸಿ ಹೊಸ್ತಿಲ ಮೇಲೆ ಕೂತಳು.

“ಇವತ್ತ ಯಾರೂ ಬರಂಗಿಲ್ಲೇನು?”

“ತೊಟ್ಟಿಗೆ ನೀರು ಬಂದಾವಲ್ಲ, ಯಾಕ ಬರ್ತಾರ?” ಅಂದ ಕಾಕಾ.

ಆಯಿ ಎದ್ದು, ತುಂಬಿದ ಕೊಡಗಳ ನಡುವೆ ಒಂದು ಖಾಲಿ ಕೊಡ ಹುಡುಕಿ, ಸೊಂಟಕ್ಕಿಟ್ಟುಕೊಂಡು ಕೆಳಗಿನ ಓಣಿಗೆ ಹೊರಟಳು. ಆ ವರ್ಷದ ಜೋಳ ಪಡಸಾಲೆಯಲ್ಲಿ, ಎಲ್ಲರ ಕಣ್ಣೆದುರಿಗೇ ಉಳಿಯಿತು.

ಹೋದ ಬೇಸಿಗೆ ಅದೇ ಓಣಿಯಲ್ಲಿ ಜೆಸಿಬಿ ತಾಗಿ ಪ್ಲಾಸ್ಟಿಕ್ ಪೈಪು ಒಡೆದು ನಮ್ಮ ಮನೆಗೂ ನೀರು ನಿಂತಿತು. ಮನೆಮನೆಯವರು ಫೋನ್ ಮಾಡಿದರು, ಟ್ಯಾಂಕರ್ ಬಂತು, ಗೇಟುಗಳು ಮುಚ್ಚಿಕೊಂಡವು. ಆಯಿಯ ಹಾಗೆ ನಾನೂ ಒಂದು ಕೊಡ ಹಿಡಿದು ಹೊರಗೆ ಬಂದೆ. ಯಾರ ಮನೆಗೆ ಹೋಗಬೇಕೋ ತಿಳಿಯಲಿಲ್ಲ.