ಕಂಕಣದ ಕೈಗೆ ಮುಯ್ಯಾಳು

ಬೊಮ್ರಾಸಪೇಟ್ ಕಡೆಯ ಆ ಕುರಿಗಾರರ ಮನೆತನದಲ್ಲಿ ತಿಂಗಳ ಪಗಾರ ತಂದ ಮೊದಲ ಹೆಣ್ಣು ಮಾಳಮ್ಮ. ತಾಂಡೂರಿನ ತೊಗರಿಬೇಳೆ ಮಿಲ್ಲಿನಲ್ಲಿ, ಬೆಲ್ಟಿನ ಮೇಲೆ ಹರಿದುಬರುವ ಬೇಳೆಯಿಂದ ಕಲ್ಲು, ಕರಿಕಾಳು ಆರಿಸುವುದು ಅವಳ ಕೆಲಸ.

ಮಗಳು ಸ್ವಾತಿಗೆ ಜ್ವರ ಬಿಡದೆ ಕಾಡಿದಾಗ ಬೀರಪ್ಪನಿಗೆ ಹರಕೆ ಹೊತ್ತಳು. ಮಗು ಎದ್ದು ಓಡಾಡಿತು. ಪೂಜಾರಿ ಪೋಚಪ್ಪ ಮಾಳಮ್ಮನ ಬಲಗೈಗೆ ಉಣ್ಣೆಯ ಕಂಕಣ ಕಟ್ಟಿದ. ದೇವರ ಹಬ್ಬದ ದಿನ ಅವನೇ ಬಿಚ್ಚಬೇಕು, ಅಲ್ಲಿಯತನಕ ತೆಗೆಯುವಂತಿಲ್ಲ.

ಮರುದಿನ ಮಿಲ್ಲಿನ ಬಾಗಿಲಲ್ಲೇ ಮ್ಯಾನೇಜರ್ ಅನಿಲಕುಮಾರ ತಡೆದ. ಬೆಲ್ಟಿನ ಮುಂದೆ ನಿಲ್ಲುವವರ ಕೈಯಲ್ಲಿ ಬಳೆ, ದಾರ ಏನೂ ಇರಕೂಡದು.

“ಕತ್ತರಿಸಿ ಒಳಗ ಬಾ, ಇಲ್ಲಂದ್ರ ಮನಿಗಿ ನಡಿ.”

“ಎರಡೂ ಆಗಾಂಗಿಲ್ರಿ ಸಾರ್.”

“ಮತ್ತ ನಿಮ್ಮ ಬೀರಪ್ಪ ಬಂದು ಬ್ಯಾಳಿ ಆರಸ್ತಾನೇನು?”

ಹಿಂದಿದ್ದವರು ನಕ್ಕರು. ಮಾಳಮ್ಮನ ಮುಖ ಬಿಸಿಯಾಯಿತು. ಆದರೆ ಆ ಬೆಲ್ಟು ಒಬ್ಬಳ ಸೆರಗು ಎಳೆದುಕೊಂಡದ್ದನ್ನು ಅವಳೇ ಕಂಡಿದ್ದಳು. ಮಿಲ್ಲಿನ ನೇಮವೇ ತಪ್ಪೆಂದು ಜಗಳಕ್ಕೆ ನಿಲ್ಲಲು ಮನಸ್ಸು ಬರಲಿಲ್ಲ. ಆಗ ನೆನಪಾದದ್ದು ಕುರಿಹಟ್ಟಿಯ ಪದ್ಧತಿ. ಕಂಕಣ ಕಟ್ಟಿಕೊಂಡವರು ಉಣ್ಣೆ ಕತ್ತರಿಸುವುದಿಲ್ಲ. ಅವರ ಬದಲು ನೆರೆಯವರು ಕತ್ತರಿಸುತ್ತಾರೆ, ಆ ದುಡಿಮೆಯನ್ನು ಇವರು ಮುಂದೊಂದು ದಿನ ದುಡಿದೇ ತೀರಿಸುತ್ತಾರೆ. ಅದೇ ಮುಯ್ಯಾಳು.

ಅಂಗಳದಲ್ಲಿ ಖಾಲಿ ಚೀಲ ಜಾಡಿಸುತ್ತಿದ್ದ ಬಾಲಮಣಿಯ ಬಳಿ ಹೋದಳು.

“ಹಬ್ಬ ಮುಗಿಯೂತನಕ ನನ್ನ ಜಾಗಾದಾಗ ನಿಂದರ್ತಿಯೇನ? ನಿನ್ನ ಚೀಲ ನಾ ಜಾಡಸ್ತೀನಿ.”

“ಧೂಳ ಕುಡದು ಸಾಯ್ತಿ ಅಕ್ಕಾ!”

“ಹಟ್ಟಿ ಧೂಳ ಕುಡದೇ ಬೆಳದೀನಿ. ನಿನಗ ಬೇಕಾದಾಗ ನಾ ಮುಯ್ಯಾಳ ಬರ್ತೀನಿ.”

“ಹಂಗಾದ್ರ ಆತು. ನನ್ನ ಲಗ್ನಾದ ಮ್ಯಾಲ ಹಸರಬಳಿ ಒಡೀಬಾರದಲ್ಲ, ಆಗ ಚೀಲ ಜಾಡಸಾಕ ಬರಬೇಕ ಮತ್ತ!”

ಅನಿಲಕುಮಾರ ಗೊಣಗಿದ. “ಇವತ್ತ ನೀನು, ನಾಳಿ ಎಲ್ಲಾರೂ ಕೇಳ್ತಾರ.”

“ಕೇಳ್ಲಿ ಬಿಡ್ರಿ. ಮುಯ್ಯಾಳ ಹುಡುಕಾದು ಕೇಳಿದೋರ ಕೆಲಸ. ಬೆಲ್ಟ್ ನಿಂತರ ನನಗ ಬೈರಿ.”

ಬೆಲ್ಟು ನಿಲ್ಲಲಿಲ್ಲ. ಮಾಳಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ಕೆಮ್ಮುತ್ತಲೇ ಚೀಲ ಜಾಡಿಸಿದಳು. ರಂಜಾನಿನ ಉಪವಾಸ, ರೋಜಾ ಹಿಡಿದಿದ್ದ ಹೆಂಗಸೊಬ್ಬಳು ಬಿಸಿಲಿನ ಕೆಲಸ ಬದಲಿಸಿಕೊಡಿ ಎಂದು ಬಂದಾಗ, ಅನಿಲಕುಮಾರ ತಲೆ ಎತ್ತದೆ ಹೇಳಿದ: “ಮುಯ್ಯಾಳ ಹುಡಿಕ್ಕೊ. ಹ್ಯಾಂಗಂತ ಮಾಳಮ್ಮಗ ಕೇಳು.”

ಹಬ್ಬದ ದಿನ ಕಂಕಣ ಬಿಚ್ಚುತ್ತ ಪೋಚಪ್ಪ ಕೇಳಿದ: “ನೌಕರಿ ಉಳೀತೇನವ್ವಾ?”

“ಉಳೀಲಾರದೇನಪ್ಪಾ? ನಾಳಿಂದ ಮತ್ತ ಬೆಲ್ಟಿಗೇ ನಿಂದರ್ತೀನಿ.”

ದನಿ ತುಸು ಜೋರಾಗಿಯೇ ಇತ್ತು. ಗುಡಿಯಲ್ಲಿದ್ದವರೆಲ್ಲ ಕೇಳಲಿ ಎಂದೇ ಹೇಳಿದ್ದಳು.