ಪಕ್ಕದ ಮನೆ ಬಂದೂಕಿನ ಗಂಟಲು

ಸೌತ್‌ಫೀಲ್ಡ್‌ನಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕನ್ ಮುದುಕರು ಕಾರ್ ಕಂಪನಿಗಳಿಗೆ ಅಚ್ಚು ಮಾಡಿಕೊಟ್ಟು ನಿವೃತ್ತರಾದವರು. ನಾನು ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಅಳತೆ ನೋಡುತ್ತಿದ್ದೆ. ದಿನವಿಡೀ ಮೈಕ್ರೋಮೀಟರ್ ಹಿಡಿದು, ಇಂಚಿನ ಸಾವಿರದಲ್ಲೊಂದು ಭಾಗಕ್ಕಾಗಿ ಜನರ ಹತ್ತಿರ ವಾದ ಮಾಡುವುದೇ ನನ್ನ ಉದ್ಯೋಗ. ಇದು ತಿಳಿದ ಮೇಲೆ ಅವರು ನನ್ನನ್ನು ಕಂಡರೆ ಟೋಪಿ ತೆಗೆಯುತ್ತಿದ್ದರು.

ಆ ಬೇಸಿಗೆಯಲ್ಲಿ ಮೊಮ್ಮಗಳನ್ನು ನೋಡಲು ಮೈಸೂರಿನಿಂದ ಅತ್ತೆ, ಮಾವ ಬಂದಿದ್ದರು. ಮಾವ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಮೂರನೇ ವಾರದ ಹೊತ್ತಿಗೆ ನಮ್ಮ ಬಡಾವಣೆಯ ಎಲ್ಲ ರಸ್ತೆ ಸುತ್ತಿ, ಮನೆಯಲ್ಲಿದ್ದ ಎಲ್ಲ ಡಬ್ಬಗಳ ಮೇಲಿನ ಬರಹ ಓದಿ ಮುಗಿಸಿದ್ದರು. ಆಗ ಒಂದು ಶನಿವಾರ ಬೆಳಿಗ್ಗೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು.

ಅವರ ಬಳಿ ಅವರ ತಂದೆಯ ಕಾಲದ ಒಂದು ಬಂದೂಕಿತ್ತು. ಅಂಗಡಿಯ ಗುಂಡು ಅದರಲ್ಲಿ ಸಡಿಲವಾಗಿ, ನೆಟ್ಟಗೆ ಹೋಗುವ ಬದಲು ಅಡ್ಡಡ್ಡ ಹೋಗುತ್ತಿತ್ತು. ಗುರಿಯ ಕಾಗದದಲ್ಲಿ ಬಿದ್ದಿದ್ದ ತೂತುಗಳನ್ನು ತೋರಿಸಿದರು. ಒಂದೊಂದೂ ಕಡಲೆಬೀಜದ ಆಕಾರದಲ್ಲಿತ್ತು. ಆ ಬಂದೂಕಿಗೆ ಸರಿಹೊಂದುವ ಸೀಸದ ಗುಂಡನ್ನು ಮನೆಯಲ್ಲೇ ಎರಕ ಹೊಯ್ಯಬೇಕು, ಅದಕ್ಕೊಂದು ಅಚ್ಚು ಬೇಕು, ಅಚ್ಚು ಮಾಡಿಕೊಡುವವನಿಗೆ ಬಂದೂಕಿನ ಒಳಗಿನ ಅಳತೆ ಕಳಿಸಬೇಕು. ಗುಂಡು ತೋಟಾ ಬಿಟ್ಟು ನಳಿಗೆಗೆ ನುಗ್ಗುವ ಜಾಗಕ್ಕೆ ಅವರು ಗಂಟಲು ಎನ್ನುತ್ತಿದ್ದರು. ಅದರ ಅಳತೆಯೇ ಮುಖ್ಯ.

"ಕಣ್ಣಿಗೆ ಪೊರೆ ಬಂದಿದೆ. ಮೈಕ್ರೋಮೀಟರಿನ ಗೀಟು ಕಾಣಿಸಲ್ಲ. ನೀನು ಓದಿ ಹೇಳ್ತೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಒಪ್ಪುವ ಮೊದಲೇ ಮಾವ ಚಪ್ಪಲಿ ಹಾಕಿಕೊಂಡಿದ್ದರು. "ಬಂದೂಕಿನ ಮನೆಗೆ ಹೋಗ್ತೀರಾ?" ಎಂದರು ಅತ್ತೆ. "ಬಂದೂಕಿಗಲ್ಲ ಕಣೇ, ಅಳತೆಗೆ" ಎಂದು ಮಾವ ಹೊರಟೇಬಿಟ್ಟರು.

ಗಂಟಲೊಳಗೆ ಮೈಕ್ರೋಮೀಟರ್ ಹೋಗುವುದಿಲ್ಲ. ಆದ್ದರಿಂದ ನೀರು ಕುದಿಯುವ ಬಿಸಿಗೂ ಮೊದಲೇ ಕರಗುವ ಒಂದು ಮಿಶ್ರಲೋಹವನ್ನು ಅಲ್ಲಿ ಹೊಯ್ದು, ಗಟ್ಟಿಯಾದ ಮೇಲೆ ಹೊರಗೆ ತಳ್ಳಿ, ಆ ಪಡಿಯಚ್ಚನ್ನು ಅಳೆಯಬೇಕು. ಲೋಹ ಮುಂದೆ ಜಾರದಂತೆ ನಳಿಗೆಯೊಳಗೆ ಬಟ್ಟೆ ತುರುಕಬೇಕಿತ್ತು. ಮಾವ ಮನೆಗೆ ಹೋಗಿ ಹಳೇ ಪಂಚೆಯ ಒಂದು ಚೂರು ತಂದರು. ಜೊತೆಗೆ ಅತ್ತೆಯ ಒಗ್ಗರಣೆ ಸೌಟನ್ನೂ ಲೋಹ ಕರಗಿಸಲೆಂದು ಎತ್ತಿಕೊಂಡು ಬಂದಿದ್ದರು. ಆ ಲೋಹದಲ್ಲಿ ಸೀಸ ಇರುತ್ತದೆ, ಸೌಟು ಮತ್ತೆ ಅಡುಗೆಗೆ ಬರುವುದಿಲ್ಲ ಎಂದು ನಾನು ಹೇಳಿದಾಗ ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಈ ಲೋಹಕ್ಕೊಂದು ವಿಚಿತ್ರ ಗುಣ. ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ. ಸರಿಯಾಗಿ ಒಂದು ಗಂಟೆಗೆ ಅದು ಗಂಟಲಿನಷ್ಟೇ ಇರುತ್ತದೆ. ಹೊರಗೆ ತಳ್ಳುವುದು ಅರ್ಧ ಗಂಟೆಯೊಳಗೆ, ಅಳೆಯುವುದು ಒಂದು ಗಂಟೆಗೆ. ಗಡಿಯಾರದ ಉಸ್ತುವಾರಿಯನ್ನು ಮಾವ ತಾವಾಗಿ ವಹಿಸಿಕೊಂಡರು.

ಲೋಹ ಹೊಯ್ದಾಯಿತು. ಅಷ್ಟರಲ್ಲಿ ಅತ್ತೆ ಕಿಟಕಿಯಿಂದಲೇ ದೋಸೆಗೆ ಕರೆದರು. ಪಕ್ಕದ ಮನೆಯವರಿಗೆ ಅದು ಮೊದಲ ದೋಸೆ, ನಾಲ್ಕು ತಿಂದರು. ಮಾವ ತಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಡೆದ ಥರ್ಮಾಮೀಟರುಗಳ ಕಥೆ ಹೇಳಿದರು. ಕಾಫಿ ಆಯಿತು. ನಾನು ಲೋಟ ಎತ್ತುವಾಗ ಗಡಿಯಾರದ ಕಡೆ ನೋಡಿದೆ. ಒಂದೂಕಾಲು ಗಂಟೆ ಕಳೆದಿತ್ತು.

ಓಡಿಹೋಗಿ ತಳ್ಳಿದರೆ ಲೋಹ ಜಪ್ಪಯ್ಯ ಅನ್ನಲಿಲ್ಲ. ಹಿಗ್ಗಿ ಕಚ್ಚಿಕೊಂಡಿತ್ತು. ಮಾವನ ಮುಖ ಸಣ್ಣದಾಯಿತು. "ತಂದೆ ಬಂದೂಕು ಅಂತ ಇಟ್ಕೊಂಡಿದಾರೆ. ಹಾಳು ಮಾಡಿಬಿಟ್ನಲ್ಲಮ್ಮ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಪಕ್ಕದ ಮನೆಯವರಿಗೆ ಕನ್ನಡ ಬರದಿದ್ದರೂ ಅರ್ಥವಾಯಿತು. "ಕರಗಿಸಿದರೆ ತಾನೇ ಬರುತ್ತೆ" ಎಂದು ನಕ್ಕರು.

ನಾನು ಮನೆಯಿಂದ ಹೇರ್ ಡ್ರೈಯರ್ ತಂದೆ. ತಲೆಗೆ ಸ್ನಾನ ಮಾಡಿಸಿದ ಮಗುವಿಗೆ ಮಾಡುವಂತೆ ಮಾವ, ನಾನು ಸರದಿಯ ಮೇಲೆ ಬಂದೂಕಿಗೆ ಬಿಸಿಗಾಳಿ ಹಿಡಿದೆವು. ಬಹಳ ಹೊತ್ತಾದ ಮೇಲೆ ಲೋಹ ಹನಿಹನಿಯಾಗಿ ತಟ್ಟೆಗೆ ಇಳಿಯಿತು. ಮಾವ ಆಗಲೇ ಉಸಿರು ಬಿಟ್ಟದ್ದು.

ಎರಡನೇ ಸಲ ಮಾವ ಕುರ್ಚಿ ಬಿಟ್ಟು ಏಳಲಿಲ್ಲ, ಯಾರನ್ನೂ ಮಾತಾಡಲೂ ಬಿಡಲಿಲ್ಲ. ಹೇಳಿದ ಹೊತ್ತಿಗೆ ತಳ್ಳಿದೆವು. ಕಿರುಬೆರಳಿನಷ್ಟು ಬೆಳ್ಳಗಿನ ತುಂಡು ಸಲೀಸಾಗಿ ಜಾರಿ ಬಂತು. ಒಂದು ಗಂಟೆಗೆ ಸರಿಯಾಗಿ ನಾನು ಅಳೆದೆ. ಮುನ್ನೂರ ಇಪ್ಪತ್ತೆರಡು ಸಾವಿರಾಂಶ. ಪಕ್ಕದ ಮನೆಯವರು ಭೂತಗನ್ನಡಿ ಹಿಡಿದು ತಾವೂ ಅಳೆದರು. ಅವರ ಪ್ರಕಾರ ಮುನ್ನೂರ ಇಪ್ಪತ್ತನಾಲ್ಕು.

"ನಿಮ್ಮ ಕಣ್ಣಿನ ದೋಷ" ಎಂದೆ.

"ನೀನು ತಿರುಪು ಜಾಸ್ತಿ ಬಿಗಿ ಮಾಡ್ತೀಯ" ಎಂದರು.

ಹತ್ತು ನಿಮಿಷ ಹೀಗೇ ನಡೆಯಿತು. ಅಷ್ಟರಲ್ಲಿ ಮಾವ ತುಂಡನ್ನು ಮೈಕ್ರೋಮೀಟರಿನ ಬಾಯಲ್ಲಿಟ್ಟು ಒಂದೊಂದೇ ಚೂರು ತಿರುಗಿಸುತ್ತ, ಪ್ರತಿ ಸಲವೂ ಬರೆದುಕೊಳ್ಳುತ್ತಿದ್ದರು. ಕೊನೆಗೆ ಪೆನ್ನು ಇಟ್ಟು, "ಇಬ್ರೂ ಜಗಳ ನಿಲ್ಲಿಸ್ತೀರಾ? ಇದು ದುಂಡಗಿಲ್ಲ. ಈ ಕಡೆಯಿಂದ ಇಪ್ಪತ್ತೆರಡು, ಆ ಕಡೆಯಿಂದ ಇಪ್ಪತ್ತನಾಲ್ಕು. ಗಂಟಲು ಒಂದು ಪಕ್ಕ ಸವೆದಿದೆ" ಎಂದರು.

ಪಕ್ಕದ ಮನೆಯವರು ಆ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ನಲವತ್ತು ವರ್ಷ ಅಚ್ಚು ಮಾಡಿದವರು ತಲೆಯಾಡಿಸಿ, ಮಾವನ ಕೈ ಕುಲುಕಿ, ಟೋಪಿ ತೆಗೆದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ. ಅಳತೆ ನನ್ನ ಉದ್ಯೋಗ. ತಿರುಗಿಸಿ ನೋಡಬೇಕೆಂದು ನನಗೇ ಹೊಳೆದಿರಲಿಲ್ಲ. ದೊಡ್ಡ ಅಳತೆಗೇ ಅಚ್ಚು ಮಾಡಿಸುವುದೆಂದು ತೀರ್ಮಾನವಾಯಿತು. ಕಾಗದದ ಮೇಲೆ ಗುಂಡಿನ ಚಿತ್ರ ಬರೆದವರೂ ಮಾವನೇ, ಹತ್ತನೇ ತರಗತಿಯ ರೆಕಾರ್ಡ್ ಪುಸ್ತಕದಷ್ಟು ಅಚ್ಚುಕಟ್ಟಾಗಿ.

ಅಚ್ಚು ಬರುವಷ್ಟರಲ್ಲಿ ಅತ್ತೆ, ಮಾವ ಮೈಸೂರಿಗೆ ಮರಳಿದ್ದರು. ಪ್ರತಿ ಭಾನುವಾರ ಫೋನಿನಲ್ಲಿ ಮಾವ ಮೊಮ್ಮಗಳ ಸುದ್ದಿಗಿಂತ ಮೊದಲು ಅಚ್ಚಿನ ಸುದ್ದಿ ಕೇಳುತ್ತಿದ್ದರು. ಅಕ್ಟೋಬರಿನಲ್ಲಿ ಅದು ಬಂತು. ಪಕ್ಕದ ಮನೆಯವರು ಸೀಸ ಎರಕ ಹೊಯ್ದರು, ನಾನು ಅಳೆದೆ, ಮುಂದಿನ ವಾರ ಅವರ ಜೊತೆ ಗುಂಡು ಹಾರಿಸುವ ಮೈದಾನಕ್ಕೂ ಹೋದೆ. ಕಿವಿ ಮುಚ್ಚಿಕೊಂಡು, ಅರ್ಧ ಕಣ್ಣೂ ಮುಚ್ಚಿಕೊಂಡು ನಿಂತಿದ್ದೆ. ಐದು ಗುಂಡು, ಐದು ದುಂಡನೆಯ ತೂತು. ಒಂದು ಚಕ್ಕುಲಿ ಇಟ್ಟರೆ ಐದೂ ಮುಚ್ಚಿಹೋಗುವಷ್ಟು ಹತ್ತಿರ.

ಭಾನುವಾರ ಹೇಳಿದೆ. ಆ ಕಡೆ ಫೋನ್ ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಅತ್ತೆ ಫೋನ್ ತೆಗೆದುಕೊಂಡು, "ಏನು ಹೇಳ್ದೆ ಅವ್ರಿಗೆ? ಅಂಗಿ ಹಾಕ್ಕೊಂಡು ಎದುರು ಮನೆಯವ್ರಿಗೆ ಹೇಳೋಕೆ ಹೋದ್ರು" ಎಂದರು.